ಗ್ಲಾಸ್ ಒರೆಸೋಕೆ ಮುಂಚೆ ಒಂದ್ಸಲ ಬೆರಳಿಟ್ಟು ನೋಡಿ

ಮಳೆ ಧೋ ಅಂತ ಸುರೀತಿದೆ, ರಾತ್ರಿ ಒಂಬತ್ತೂವರೆ ಇರ್ಬೇಕು, ಕಾರಲ್ಲಿ ಐದು ಜನ, ಎಲ್ಲರೂ ಅರ್ಧಂಬರ್ಧ ನೆಂದಿದೀವಿ, ಹಿಂದಿನ ಸೀಟಿನ ಕಾಲ್ಕೆಳಗೆ ಎರಡು ಒದ್ದೆ ಛತ್ರಿ ಬೇರೆ. ಓಡಿಸ್ತಾ ಇರೋದು ನಾನು, ಪಕ್ಕದಲ್ಲಿ ಭಾವ. ಎದುರಿಂದ ಒಂದು ಲಾರಿ ಬಂತು ನೋಡಿ, ಅದರ ಹೆಡ್‌ಲೈಟ್ ಬಿದ್ದ ತಕ್ಷಣ ಮುಂದಿನ ಗ್ಲಾಸ್ ಪೂರ್ತಿ ಸುಣ್ಣ ಬಳಿದ ಗೋಡೆ ಥರ ಆಗೋಯ್ತು, ರೋಡೂ ಇಲ್ಲ, ಲಾರೀನೂ ಇಲ್ಲ, ಬರೀ ಬಿಳಿ. ಮೂರು ಸೆಕೆಂಡ್ ಅಷ್ಟೇ ಇರ್ಬೇಕು. ಆಮೇಲೆ ಕೂತು ಲೆಕ್ಕ ಹಾಕಿದೆ, ಗಂಟೆಗೆ 50 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಹತ್ತತ್ರ 14 ಮೀಟರ್, ಅಂದ್ರೆ 40 ಮೀಟರ್ ದೂರ ಐದು ಜನರನ್ನ ಕೂರಿಸ್ಕೊಂಡು ಕಣ್ಣು ಮುಚ್ಚಿ ಓಡಿಸಿದ್ದೆ.

ಭಾವ ತಲೆ ಒರೆಸ್ಕೊಂಡಿದ್ದ ಟವೆಲ್ಲಲ್ಲೇ ಗ್ಲಾಸ್ ಒರೆಸೋಕೆ ಶುರು ಮಾಡಿದ್ರು. ಒರೆಸಿದ ಕಡೆ ಅರ್ಧ ನಿಮಿಷ ಕಾಣ್ಸುತ್ತೆ, ಮತ್ತೆ ಮಬ್ಬು, ಮತ್ತೆ ಒರೆಸೋದು, ಅವರ ಕೈ ನನ್ನ ಕಣ್ಣ ಮುಂದೆ ವೈಪರ್ ಥರ ಆಡ್ತಾ ಇದೆ, ಹೊರಗೆ ಒಂದು ವೈಪರ್ ಒಳಗೆ ಒಂದು ವೈಪರ್. ಹಿಂದಿಂದ ಅಕ್ಕ "ಎಸಿ ಹಾಕೋ" ಅಂದ್ಳು. "ಈ ಚಳೀಲಿ ಎಸಿ ಹಾಕ್ತಾರಾ ಯಾರಾದ್ರೂ, ಸುಮ್ನಿರಕ್ಕ ನೀನು" ಅಂತ ಗದರಿಸಿದೆ. ಅಕ್ಕ ಹೇಳಿದ್ದೇ ಸರಿ ಇತ್ತು. ಅದನ್ನ ಒಪ್ಕೊಳೋಕೆ ನಂಗೆ ಇನ್ನೆರಡು ಮಳೆಗಾಲ ಬೇಕಾಯ್ತು ಅನ್ನೋದು ನಾಚಿಕೆ ವಿಷ್ಯ, ಆದ್ರೂ ಬರೀತಿದೀನಿ.

ಆ ಎರಡು ಮಳೆಗಾಲದಲ್ಲಿ ನಂಗೆ ಗೊತ್ತಾಗಿದ್ದು ಇಷ್ಟೇ. ಮಬ್ಬು ಕಾಣೋದು ಗ್ಲಾಸ್ ಮೇಲೆ, ಆದ್ರೆ ತೊಂದ್ರೆ ಇರೋದು ಗಾಳೀಲಿ. ಒರೆಸೋದು ಅಂದ್ರೆ ನಲ್ಲಿ ತೆರೆದಿಟ್ಟು ನೆಲ ಒರೆಸಿದ ಹಾಗೆ.

ಗಾಳಿ ಬಿಸಿ ಇದ್ದಷ್ಟೂ ಜಾಸ್ತಿ ನೀರಾವಿ ಹಿಡ್ಕೊಳುತ್ತೆ. ಒಂದು ಘನ ಮೀಟರ್ ಗಾಳಿ 30 ಡಿಗ್ರೀಲಿ ಹೆಚ್ಚು ಕಮ್ಮಿ 30 ಗ್ರಾಂ ನೀರು ಹಿಡಿಯುತ್ತೆ, 20 ಡಿಗ್ರೀಲಿ 17 ಗ್ರಾಂ, 10 ಡಿಗ್ರೀಗೆ ಇಳಿದ್ರೆ 9 ಚಿಲ್ಲರೆ ಗ್ರಾಂ ಅಷ್ಟೇ. ಮಳೆಗೆ ಹೊರಗಿಂದ ಗ್ಲಾಸ್ ತಣ್ಣಗಾಗಿರುತ್ತೆ, ಒಳಗಿನ ಬೆಚ್ಚನೆ ಗಾಳಿ ಅದಕ್ಕೆ ತಾಗಿದ ಕೂಡ್ಲೇ ತಣ್ಣಗಾಗಿ, ಹಿಡ್ಕೊಂಡಿದ್ದ ನೀರನ್ನ ಅಲ್ಲೇ ಬಿಟ್ಟುಬಿಡುತ್ತೆ. ಈಗ ಆ ನೀರು ಎಲ್ಲಿಂದ ಬಂತು ನೋಡಿ. ಒಬ್ಬ ಮನುಷ್ಯ ಬರೀ ಉಸಿರಲ್ಲೇ ದಿನಕ್ಕೆ 300-400 ಮಿಲಿ ನೀರು ಹೊರಗೆ ಬಿಡ್ತಾನೆ, ಬೆವರು ಅಂತ ಗೊತ್ತೇ ಆಗ್ದೆ ಚರ್ಮದಿಂದ ಹೋಗೋದು ಇನ್ನೂ ಹತ್ತತ್ರ ಅಷ್ಟೇ. ಐದು ಜನ ಅಂದ್ರೆ ಗಂಟೆಗೆ 150 ಗ್ರಾಂ ಆಸುಪಾಸು. ಕಾರೊಳಗಿನ ಜಾಗ ಮೂರು ಘನ ಮೀಟರ್ ಅಂತ ಇಟ್ಕೊಳಿ, 20 ಡಿಗ್ರೀಲಿ ಅಷ್ಟೂ ಗಾಳಿ ಹಿಡಿಯೋದೇ 50 ಗ್ರಾಂ. ಎಲ್ಲಾ ಮುಚ್ಕೊಂಡು ಕೂತ್ರೆ ಇಪ್ಪತ್ತು ನಿಮಿಷ ಸಾಕು ತುಂಬಿ ತುಳುಕೋಕೆ, ಇದರಲ್ಲಿ ಒದ್ದೆ ಬಟ್ಟೆ, ಛತ್ರಿ, ಕೆಸರು ಶೂ ಯಾವುದನ್ನೂ ಸೇರ್ಸಿಲ್ಲ. ಗ್ಲಾಸ್ ಮಬ್ಬಾಗೋಕೆ ಬೇಕಿರೋದು ಕೆಲವೇ ಗ್ರಾಂ.

ನೀರಿಗೇನೋ ಬಣ್ಣ ಇಲ್ಲ, ಮತ್ಯಾಕೆ ಏನೂ ಕಾಣ್ಸಲ್ಲ ಅಂತ ಮಗಳು ಕೇಳಿದ್ಳು ಒಂದ್ಸಲ. ಪದರವಾಗಿ ಹರಡಿದ್ರೆ ಕಾಣುತ್ತೆ, ಆದ್ರೆ ಅದು ಹರಡಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಗುಮ್ಮಟದ ಥರ ಹನಿಯಾಗಿ ಕೂರುತ್ತೆ, ಒಂದೊಂದು ಹನೀನೂ ಒಂದೊಂದು ಪುಟಾಣಿ ಲೆನ್ಸು, ಬೆಳಕನ್ನ ದಿಕ್ಕಾಪಾಲು ಚೆದುರಿಸಿಬಿಡುತ್ತೆ. ಅದಕ್ಕೇ ಹಗಲು ಹೊತ್ತು ಪರವಾಗಿಲ್ಲ ಅನ್ಸೋ ಮಬ್ಬು, ರಾತ್ರಿ ಎದುರಿಂದ ಲೈಟ್ ಬಿದ್ರೆ ಗೋಡೆ ಆಗೋದು. ಈ ಮಾತು ನೆನಪಿಟ್ಕೊಳಿ, ಸೋಪಿನ ವಿಷ್ಯಕ್ಕೆ ಬಂದಾಗ ಮತ್ತೆ ಬರುತ್ತೆ.

ಸರಿ, ಗ್ಲಾಸ್ ಮಬ್ಬಾಯ್ತು, ಏನ್ಮಾಡೋದು? ಯಾವ ಬಟನ್ನೂ ಒತ್ತೋ ಮುಂಚೆ ಗ್ಲಾಸಿನ ಮೂಲೇಲಿ, ನಿಮ್ಮ ದೃಷ್ಟಿಗೆ ಅಡ್ಡ ಬರದ ಕಡೆ, ಒಳಗಿಂದ ಬೆರಳಲ್ಲಿ ಒಂದು ಗೆರೆ ಎಳೀರಿ. ಗೆರೆ ಬಿತ್ತು ಅಂದ್ರೆ ಮಬ್ಬು ಒಳಗಿದೆ. ಬೀಳ್ಲಿಲ್ಲ ಅಂದ್ರೆ ಹೊರಗಿದೆ. ಎರಡಕ್ಕೂ ಔಷಧಿ ಬೇರೆ ಬೇರೆ, ಬೇರೆ ಅಂದ್ರೆ ಪೂರ್ತಿ ಉಲ್ಟಾ, ಒಂದರ ಔಷಧಿ ಇನ್ನೊಂದಕ್ಕೆ ಕೊಟ್ರೆ ರೋಗ ಜಾಸ್ತಿನೇ ಆಗುತ್ತೆ. ನಾನು ಕೊಟ್ಟಿದೀನಿ, ಹೇಳ್ತೀನಿ ಇರಿ.

ಮೊದ್ಲು ಒಳಗಿನ ಮಬ್ಬು. ಎಸಿ ಆನ್, ಟೆಂಪರೇಚರ್ ಬೆಚ್ಚಗೆ, ಬ್ಲೋವರ್ ಜೋರಾಗಿ, ಗಾಳಿ ಮುಂದಿನ ಗ್ಲಾಸಿಗೆ, ಹೊರಗಿನ ಗಾಳಿ ಒಳಗೆ ಬರೋ ಹಾಗೆ. ಬಹಳಷ್ಟು ಗಾಡೀಲಿ ಬೀಸಣಿಗೆ ಆಕಾರದೊಳಗೆ ಮೂರು ಅಂಕುಡೊಂಕು ಬಾಣ ಇರೋ ಒಂದು ಬಟನ್ ಇರುತ್ತಲ್ಲ, ಅದನ್ನ ಒತ್ತಿದ್ರೆ ಇದರಲ್ಲಿ ಮುಕ್ಕಾಲು ಪಾಲು ತಾನಾಗೇ ಆಗುತ್ತೆ, ಎಸಿ ಲೈಟೂ ಹತ್ಕೊಳುತ್ತೆ. ನಾನು ಮಹಾ ಬುದ್ಧಿವಂತ, ಚಳಿ ಅಂತ ಆ ಬಟನ್ ಒತ್ತಿ, ಅದು ತಾನಾಗಿ ಹಾಕಿದ ಎಸೀನ ಮತ್ತೆ ಆಫ್ ಮಾಡ್ತಿದ್ದೆ, ಗಾಡಿ ಕೆಟ್ಟಿದೆ, ಅದೇ ಎಸಿ ಹಾಕ್ಕೊಳುತ್ತೆ ಅಂತ ಮೆಕ್ಯಾನಿಕ್ ಹತ್ರ ಕಂಪ್ಲೇಂಟ್ ಬೇರೆ ಮಾಡಿದ್ದೆ. ಅವನು ನಗಲಿಲ್ಲ. ಒಳ್ಳೆ ಮನುಷ್ಯ.

ನಮ್ಮ ತಲೇಲಿ ಎಸಿ ಅಂದ್ರೆ ತಂಪು ಅಂತ ಕೂತುಬಿಟ್ಟಿದೆ, ಅದೇ ಸಮಸ್ಯೆ. ಎಸಿ ಹುಟ್ಟಿದ್ದೇ ತಂಪಿಗಲ್ಲ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಅನ್ನೋ ಅಮೆರಿಕದ ಇಂಜಿನಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿಗೋಸ್ಕರ ಅದನ್ನ ಮಾಡಿದ್ದು, ಅಲ್ಲಿ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರ್ತಿರ್ಲಿಲ್ಲವಂತೆ, ಗಾಳಿಯ ತೇವ ತೆಗೀಬೇಕಿತ್ತು, ತಂಪಾಗಿದ್ದು ಜೊತೇಲಿ ಬಂದ ಲಾಭ. ಕಂಪನಿಯಿಂದಲೇ ಎಸಿ ಹಾಕಿಸ್ಕೊಂಡು ಬರೋ ಕಾರು ಸಿಗೋಕೆ ಪ್ಯಾಕಾರ್ಡ್‌ನ 1940ರ ಮಾಡೆಲ್ ತನಕ ಕಾಯ್ಬೇಕಾಯ್ತು. ಕಾರಿನ ಡ್ಯಾಶ್‌ಬೋರ್ಡ್ ಒಳಗೂ ನಡೆಯೋದು ಅದೇ ಕೆಲ್ಸ. ಅಲ್ಲೊಂದು ಕಾಯಿಲ್ ಇದೆ, ಇವಾಪರೇಟರ್ ಅಂತಾರೆ, ಸೊನ್ನೆಗಿಂತ ಕೆಲವೇ ಡಿಗ್ರಿ ಮೇಲಿರುತ್ತೆ, ಒದ್ದೆ ಗಾಳಿ ಅದರ ಮೇಲೆ ಹಾದು ಹೋದಾಗ ನೀರು ಗ್ಲಾಸಿನ ಬದ್ಲು ಆ ಕಾಯಿಲ್ ಮೇಲೆ ಕೂರುತ್ತೆ, ಹನಿ ಹನಿಯಾಗಿ ಒಂದು ಪೈಪಲ್ಲಿ ಗಾಡಿ ಕೆಳಗೆ ಬಿದ್ದು ಹೋಗುತ್ತೆ. ಎಸಿ ಹಾಕಿ ನಿಲ್ಲಿಸಿದ ಕಾರಿನ ಕೆಳಗೆ ನೀರಿನ ಮಚ್ಚೆ ನೋಡಿರ್ತೀರಲ್ಲ, ಅದು ನಿಮ್ಮ ಗ್ಲಾಸ್ ಮೇಲೆ ಕೂರಬೇಕಿದ್ದ ನೀರು.

ಅಲ್ಲಿಂದ ಮುಂದೆ ಆ ಒಣಗಿದ ಗಾಳಿ ಹೀಟರ್ ಮೇಲೆ ಹಾದು ಬೆಚ್ಚಗಾಗಿ ಗ್ಲಾಸಿಗೆ ಹೊಡೆಯುತ್ತೆ. ಅಂದ್ರೆ ಎಸಿ ಮತ್ತೆ ಹೀಟರ್ ಎರಡೂ ಒಟ್ಟಿಗೆ ಓಡಬಹುದು, ಓಡಬೇಕು, ಒಂದು ಒಣಗಿಸುತ್ತೆ ಇನ್ನೊಂದು ಬೆಚ್ಚಗೆ ಮಾಡುತ್ತೆ, ಒಣಗಿದ ಬೆಚ್ಚನೆ ಗಾಳಿಗೆ ಬಾಯಾರಿಕೆ ಜಾಸ್ತಿ, ಗ್ಲಾಸ್ ಮೇಲಿನ ನೀರನ್ನ ಹೀರ್ಕೊಂಡು ಹೋಗುತ್ತೆ. ಇದು ಗೊತ್ತಾದ ದಿನ ನಂಗೆ ಅಕ್ಕನ ಮೇಲಿನ ಗೌರವ ಒಂಚೂರು ಜಾಸ್ತಿ ಆಯ್ತು, ಅವಳಿಗೂ ಯಾಕೆ ಅಂತ ಗೊತ್ತಿರ್ಲಿಲ್ಲ, ಎಲ್ಲೋ ನೋಡಿದ್ಳಂತೆ. ಬರೀ ಹೀಟರ್ ಹಾಕಿದ್ರೆ? ಮುಂದಿನ ಗ್ಲಾಸ್ ಬೆಚ್ಚಗಾಗಿ ಅಲ್ಲಿ ತಿಳಿಯಾಗುತ್ತೆ ನಿಜ, ಆದ್ರೆ ನೀರು ಕಾರೊಳಗೇ ಉಳಿಯುತ್ತೆ, ಹೋಗಿ ಸೈಡ್ ಕಿಟಕೀಲಿ ಕೂರುತ್ತೆ. ಇಂಜಿನ್ ಇನ್ನೂ ಬಿಸಿ ಆಗಿಲ್ಲ ಅಂದ್ರೆ ಹೀಟರಿಂದ ಬರೋದು ತಣ್ಣನೆ ಗಾಳೀನೇ, ಅದು ಬೇರೆ.

ಹೊರಗಿನ ಗಾಳಿ ಬಗ್ಗೆ ಭಾವನಿಗೂ ನನಗೂ ದೊಡ್ಡ ವಾದ ಆಗಿದೆ. "ಹೊರಗೆ ಮಳೆ ಸುರೀತಿದೆ ಕಣೋ, ಅಲ್ಲಿನ ಗಾಳಿ ಪೂರ್ತಿ ತೇವ, ಅದನ್ಯಾಕೆ ಒಳಗೆ ತಗೋತೀಯ" ಅನ್ನೋದು ಅವರ ವಾದ. ಕೇಳೋಕೆ ಸರಿಯಾಗೇ ಇದೆ. ಆದ್ರೆ ಹೊರಗೆ 18 ಡಿಗ್ರಿ ಇದ್ದು ತೇವಾಂಶ 95 ಪರ್ಸೆಂಟ್ ಇದ್ರೂ ಆ ಗಾಳೀಲಿ ಇರೋದು ಘನ ಮೀಟರಿಗೆ 15 ಗ್ರಾಂ ಒಳಗೆ, ಕಾರೊಳಗೆ ನಮ್ಮೆಲ್ಲರ ಉಸಿರಿಗೆ 26 ಡಿಗ್ರಿ, 85 ಪರ್ಸೆಂಟ್ ಆಗಿದ್ರೆ 20 ಗ್ರಾಂ ದಾಟಿರುತ್ತೆ. ಪರ್ಸೆಂಟ್ ನೋಡಿ ಮೋಸ ಹೋಗ್ಬಾರ್ದು. ಹೊರಗಿನ ಗಾಳಿ ಒಳಗಿನದ್ದಕ್ಕಿಂತ ಒಣಗಿರೋದೇ, ಒಳಗೆ ಬಂದು ಬೆಚ್ಚಗಾದ್ರೆ ಇನ್ನೂ ಒಣ. ಕಾರಿನ ಚಿತ್ರದೊಳಗೆ ಬಾಣ ಸುತ್ತಿರೋ ಬಟನ್ ಇದೆಯಲ್ಲ, ಅದು ಆನ್ ಇದ್ರೆ ಒಳಗಿನ ಗಾಳೀನೇ ಸುತ್ತಾ ಇರುತ್ತೆ, ಮಳೇಲಿ ಅದನ್ನ ಆಫ್ ಮಾಡಿ. ಎಸಿ ಓಡ್ತಾ ಇದ್ರೆ ಒಳಗಿನ ಗಾಳಿ ಸುತ್ತಿದ್ರೂ ಒಣಗುತ್ತೆ, ಒಬ್ರೇ ಇದ್ರೆ ನಡೆಯುತ್ತೆ ಕೂಡ. ಅಪಾಯ ಇರೋದು ಆ ಬಟನ್ ಆನ್ ಇಟ್ಟು ಎಸಿ ಆಫ್ ಮಾಡಿದಾಗ. ಕಾಯಿಲ್ ಮೇಲೆ ಕೂತಿದ್ದ ನೀರೆಲ್ಲಾ ಮತ್ತೆ ಆವಿಯಾಗಿ ಬ್ಲೋವರ್ ಗಾಳಿ ಜೊತೆ ವಾಪಸ್ ಒಳಗೇ ಬರುತ್ತೆ, ಒಂದು ನಿಮಿಷದಲ್ಲಿ ಗ್ಲಾಸ್ ಢಮಾರ್. ಚಳಿ ಆಯ್ತು ಅಂತ ಎಸಿ ಆಫ್ ಮಾಡಿದ ಕೂಡ್ಲೇ ಮಬ್ಬು ಬಂತು ಅನ್ನೋರೆಲ್ಲಾ ಇದೇ ಕೇಸು. ಚಳಿ ಆದ್ರೆ ಟೆಂಪರೇಚರ್ ಏರಿಸಿ ಸ್ವಾಮಿ, ಎಸಿ ಮುಟ್ಬೇಡಿ.

ಹಿಮ ಬೀಳೋ ಕಡೆ ಇರೋರಿಗೆ ಒಂದು ಮಾತು, ಹೊರಗಿನ ಚಳಿ ಸೊನ್ನೆ ಹತ್ರ ಬಂದ್ರೆ ಬಹಳ ಗಾಡೀಲಿ ಎಸಿ ಕಂಪ್ರೆಸರ್ ಶುರುವೇ ಆಗಲ್ಲ. ತೊಂದ್ರೆ ಇಲ್ಲ, ಅಷ್ಟು ತಣ್ಣಗಿನ ಗಾಳೀಲಿ ನೀರೇ ಇರಲ್ಲ, ಘನ ಮೀಟರಿಗೆ 5 ಗ್ರಾಂ ಇದ್ರೆ ಹೆಚ್ಚು, ಹೊರಗಿನ ಗಾಳಿ ಮತ್ತೆ ಹೀಟರ್ ಸಾಕು. ಗ್ಲಾಸ್ ಮೇಲಿನ ಹಿಮ ಕರಗಿಸೋಕೆ ಅಂತ ಬಿಸಿ ನೀರು ಮಾತ್ರ ಸುರೀಬೇಡಿ, ಗ್ಲಾಸ್ ಬಿರುಕು ಬಿಡಬಹುದು.

ಈಗ ಹೊರಗಿನ ಮಬ್ಬು, ನನ್ನ ಎರಡನೇ ಅವಮಾನ. ಅಕ್ಕನ ಮಾತು ಒಪ್ಕೊಂಡು ಎಸಿ ಭಕ್ತ ಆಗಿದ್ದೆನಲ್ಲ, ಒಂದು ಸಂಜೆ, ಮಳೆ ಬಂದು ನಿಂತಿತ್ತು, ಹೊರಗೆ ಧಗೆ, ಎಸಿ 18ಕ್ಕೆ ಇಟ್ಕೊಂಡು ಗಾಳಿ ಗ್ಲಾಸಿಗೆ ಬಿಟ್ಕೊಂಡು ಆರಾಮಾಗಿ ಹೋಗ್ತಿದೀನಿ, ಗ್ಲಾಸ್ ಕೆಳಗಿಂದ ಮೇಲಕ್ಕೆ ಮೆಲ್ಲಗೆ ಮಬ್ಬಾಗ್ತಾ ಬಂತು. ಗೊತ್ತಲ್ಲ ನಂಗೆ ಈಗ ವಿದ್ಯೆ, ಬ್ಲೋವರ್ ಜೋರು ಮಾಡಿದೆ. ಇನ್ನೂ ಮಬ್ಬು. ಟೆಂಪರೇಚರ್ ಇನ್ನೂ ಇಳಿಸ್ದೆ. ಇನ್ನೂ ಮಬ್ಬು. ಸೈಡಿಗೆ ಹಾಕಿ ಬಟ್ಟೆ ತಗೊಂಡು ಒಳಗಿಂದ ತಿಕ್ಕಿದೆ ತಿಕ್ಕಿದೆ, ಬಟ್ಟೆ ಒಣಗೇ ಇದೆ, ಮಬ್ಬು ಹಂಗೇ ಇದೆ. ನಂಗೆ ಒಂಥರಾ ಭಯಾನೇ ಆಯ್ತು. ಆಗ ಮೊಣಕೈ ತಾಗಿ ವೈಪರ್ ಸ್ಟಿಕ್ ಕೆಳಗೆ ಹೋಯ್ತು, ವೈಪರ್ ಒಂದ್ಸಲ ಗರ್ರ್ ಅಂತ ಆಡ್ತು, ಎದುರಿಗೆ ಇಡೀ ರೋಡ್ ಕಾಣ್ತು.

ಹೊರಗೆ 28 ಡಿಗ್ರಿ, ತೇವಾಂಶ 80 ಪರ್ಸೆಂಟ್ ಇದ್ರೆ ಆ ಗಾಳಿ 24 ಡಿಗ್ರೀಗೆ ಇಳಿದ ಕಡೆಯೆಲ್ಲಾ ನೀರು ಬಿಡುತ್ತೆ. ನಾನು ಒಳಗಿಂದ ಗ್ಲಾಸನ್ನ ಅದಕ್ಕಿಂತ ತಣ್ಣಗೆ ಮಾಡಿದ್ದೆ, ಫ್ರಿಜ್ಜಿಂದ ತೆಗೆದ ಬಾಟ್ಲಿ ಮೈ ಬೆವರಲ್ವಾ, ಹಾಗೆ ನನ್ನ ಕಾರು ಬೆವರಿತ್ತು. ಎಸಿ ಜೋರು ಮಾಡಿದಷ್ಟೂ ಗ್ಲಾಸ್ ಇನ್ನೂ ತಣ್ಣಗಾಗಿ ಇನ್ನೂ ಬೆವರಿದೆ. ಹಿಂಗಾದಾಗ ಮಾಡೋದು ಇಷ್ಟೇ, ವೈಪರ್ ಒಂದ್ಸಲ ಆಡ್ಸಿ, ಗಾಳೀನ ಗ್ಲಾಸ್ ಬಿಟ್ಟು ಮುಖಕ್ಕೋ ಕಾಲಿಗೋ ತಿರುಗಿಸಿ, ಟೆಂಪರೇಚರ್ 25-26ಕ್ಕೆ ಏರಿಸಿ. ಅಷ್ಟೇ. ಸೈಡ್ ಮಿರರ್ ಹೊರಗಡೆ ಇರೋದ್ರಿಂದ ಅದು ಬೇರೆ ಕಥೆ, ಅದಕ್ಕೆ ಹೀಟಿಂಗ್ ಇರೋ ಗಾಡಿ ಆದ್ರೆ ಸಾಮಾನ್ಯವಾಗಿ ಹಿಂದಿನ ಗ್ಲಾಸಿನ ಡಿಫಾಗರ್, ಅಂದ್ರೆ ಮಬ್ಬು ತೆಗೆಯೋ ಬಟನ್ ಒತ್ತಿದ್ರೆ ಅದೂ ಬಿಸಿಯಾಗುತ್ತೆ, ಇಲ್ಲಾಂದ್ರೆ ನಿಲ್ಲಿಸಿ ಒರೆಸ್ಕೋಬೇಕು, ಬೇರೆ ದಾರಿ ಇಲ್ಲ.

ಹಿಂದಿನ ಗ್ಲಾಸ್ ಬಗ್ಗೆ ಜಾಸ್ತಿ ಹೇಳೋಕೆ ಇಲ್ಲ. ಅದರ ಮೇಲಿನ ಅಡ್ಡ ಗೆರೆಗಳು ಅಲಂಕಾರಕ್ಕಲ್ಲ, ಕರೆಂಟ್ ಹರಿದು ಬಿಸಿಯಾಗೋ ಗೆರೆಗಳು, 10ರಿಂದ 20 ಆಂಪಿಯರ್ ಎಳೆಯುತ್ತೆ, ಅದಕ್ಕೇ ಬಹಳ ಗಾಡೀಲಿ ಸ್ವಲ್ಪ ಹೊತ್ತಿಗೆ ತಾನೇ ಆಫ್ ಆಗುತ್ತೆ. ಆ ಗೆರೆಗಳು ಗ್ಲಾಸಿನ ಒಳಮೈ ಮೇಲೇ ಇರೋದು, ಒಂದು ಕಡೆ ಕೆರೆದು ಹೋದ್ರೆ ಆ ಸಾಲು ಅಷ್ಟೂ ಸತ್ತ ಹಾಗೆ. ನಮ್ಮ ಗಾಡೀಲಿ ಒಂದು ಸಾಲು ಸತ್ತಿದೆ, ಸ್ಟಿಕ್ಕರ್ ಕೀಳೋಕೆ ಬ್ಲೇಡ್ ಹಾಕಿದ್ದು ಯಾರು ಅಂತ ಕೇಳ್ಬೇಡಿ. ಒರೆಸುವಾಗ ಗೆರೆ ಹೋದ ದಿಕ್ಕಿಗೇ ಅಡ್ಡಡ್ಡ ಒರೆಸಿ. ಇನ್ನು ಸೈಡ್ ಕಿಟಕಿಗೆ ಡ್ಯಾಶ್‌ಬೋರ್ಡಿನ ಎರಡು ತುದೀಲಿ ವೆಂಟ್ ಇರುತ್ತೆ, ಕೈಗೆ ತಣ್ಣಗೆ ಹೊಡೆಯುತ್ತೆ ಅಂತ ಜನ ಅದನ್ನ ಮುಚ್ಚಿಡ್ತಾರೆ, ಮಿರರ್ ನೋಡೋ ಜಾಗ ತಿಳಿಯಾಗಿರ್ಬೇಕಂದ್ರೆ ಅದನ್ನ ತೆರೆದು ಕಿಟಕಿ ಕಡೆ ತಿರುಗಿಸಿ.

ಗ್ಲಾಸ್ ಕೊಳೆ ಇದ್ರೆ ಮಬ್ಬು ಬೇಗ ಕಟ್ಟುತ್ತೆ, ಜಾಸ್ತಿ ಹೊತ್ತು ನಿಲ್ಲುತ್ತೆ. ಹೊರಗೆ ನಾವೆಲ್ಲಾ ತೊಳೀತೀವಿ, ಒಳಗೆ ಯಾರೂ ಮುಟ್ಟಲ್ಲ. ಬಿಸಿಲಿಗೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿಂದ ಏನೇನೋ ಆವಿಯಾಗಿ ಗ್ಲಾಸ್ ಮೇಲೆ ತೆಳ್ಳಗೆ ಜಿಡ್ಡು ಕೂರುತ್ತೆ, ಜೊತೆಗೆ ನಮ್ಮ ಕೈ ಎಣ್ಣೆ. ಮಗಳು ಅಕ್ಷರ ಕಲೀತಿದ್ದಾಗ ಹಿಂದಿನ ಕಿಟಕಿಯ ಮಬ್ಬಿನ ಮೇಲೆ ಬೆರಳಲ್ಲಿ ಒಂದು ದೊಡ್ಡ "ಳ" ಬರೆದಿದ್ಳು, ಅದೂ ಕೆಳಗಿನ ಬಾಲ ಉಲ್ಟಾ ಮಾಡಿ. ಮಬ್ಬು ಹೋಯ್ತು, ಅಕ್ಷರಾನೂ ಹೋಯ್ತು ಅಂದ್ಕೊಂಡ್ವಿ. ಹತ್ತು ದಿನ ಬಿಟ್ಟು ಮತ್ತೆ ಮಳೆ, ಮತ್ತೆ ಮಬ್ಬು, ಅದೇ ಜಾಗದಲ್ಲಿ ಅದೇ ಉಲ್ಟಾ ಬಾಲದ ಳ ಎದ್ದು ಬಂತು. ಅವಳಿಗೆ ಮ್ಯಾಜಿಕ್, ನಂಗೆ ಪಾಠ, ಬೆರಳಿನ ಜಿಡ್ಡು ಕೂತ ಕಡೆ ಹನಿ ಕೂರೋ ರೀತಿನೇ ಬೇರೆ, ಮಬ್ಬು ಗ್ಲಾಸನ್ನ ಕೈಯಲ್ಲಿ ಒರೆಸಿದ್ರೆ ಮುಂದಿನ ಮಬ್ಬಿಗೆ ನಾವೇ ಪಟ್ಟೆ ಪಟ್ಟೆ ಡಿಸೈನ್ ಹಾಕಿಟ್ಟ ಹಾಗೆ. ಭಾವನ ಟವೆಲ್ ಮಾಡಿದ್ದೂ ಅದೇ, ಆ ರಾತ್ರಿಯ ತಲೆಎಣ್ಣೆ ಅಷ್ಟೂ ಗ್ಲಾಸ್ ಮೇಲಿತ್ತು ಬೆಳಗ್ಗೆ ನೋಡಿದ್ರೆ.

ಕ್ಲೀನ್ ಮಾಡೋಕೆ ಎರಡು ಮೈಕ್ರೋಫೈಬರ್ ಬಟ್ಟೆ ಬೇಕು, ಒಂದು ಒದ್ದೆಗೆ ಒಂದು ಒಣಕ್ಕೆ. ಗ್ಲಾಸ್ ಕ್ಲೀನರನ್ನ ಗ್ಲಾಸಿಗಲ್ಲ, ಬಟ್ಟೆಗೆ ಸ್ಪ್ರೇ ಮಾಡಿ, ಡ್ಯಾಶ್‌ಬೋರ್ಡ್ ಮೇಲೆ ತೊಟ್ಟಿಕ್ಕಲ್ಲ. ಫಿಲ್ಮ್ ಅಂಟಿಸಿರೋ ಗ್ಲಾಸ್ ಆದ್ರೆ ಅಮೋನಿಯಾ ಇಲ್ಲದ್ದು ತಗೊಳಿ. ಒಳಗೆ ಮೇಲಿಂದ ಕೆಳಗೆ ಒರೆಸಿ, ಹೊರಗೆ ಎಡದಿಂದ ಬಲಕ್ಕೆ ಒರೆಸಿ, ಆಮೇಲೆ ಬಿಸಿಲಲ್ಲಿ ಗೀರು ಕಂಡ್ರೆ ಅದು ಯಾವ ಕಡೇದು ಅಂತ ದಿಕ್ಕು ನೋಡೇ ಹೇಳಬಹುದು. ಡ್ಯಾಶ್‌ಬೋರ್ಡ್ ಮತ್ತೆ ಗ್ಲಾಸ್ ಸೇರೋ ಸಂದಿಗೆ ಡ್ರೈವರ್ ಸೀಟಿಂದ ಕೈ ಹೋಗಲ್ಲ, ಸ್ಟೀರಿಂಗ್ ಅಡ್ಡ, ಪಕ್ಕದ ಸೀಟಲ್ಲಿ ಕೂತು ಅಂಗೈ ಮೇಲೆ ಮಾಡಿ, ಬೆರಳ ತುದಿಗೆ ಬಟ್ಟೆ ಸುತ್ತಿ ತೂರಿಸಿದ್ರೆ ಹೋಗುತ್ತೆ. ಮೊದಲ ಸಲ ಮಾಡಿದಾಗ ಬಟ್ಟೆ ಬೂದಿ ಬಣ್ಣ ಆಗಿತ್ತು, ನಮ್ಮನೇಲಿ ಯಾರೂ ಸಿಗರೇಟ್ ಸೇದಲ್ಲ.

ಇನ್ನು ಸೋಪು, ಶೇವಿಂಗ್ ಫೋಮ್, ಶಾಂಪೂ. ಎಲ್ಲಾ ಟ್ರೈ ಮಾಡಿದೀನಿ. ಸುಳ್ಳಲ್ಲ, ಕೆಲ್ಸ ಮಾಡುತ್ತೆ, ಆಗ ಹೇಳಿದ್ನಲ್ಲ, ನೀರು ಗುಮ್ಮಟವಾಗಿ ಕೂರೋದೇ ತೊಂದ್ರೆ ಅಂತ, ಸೋಪಿನ ಪದರ ಇದ್ರೆ ನೀರು ಹನಿಯಾಗಲ್ಲ, ತೆಳ್ಳಗೆ ಹರಡುತ್ತೆ, ಕಾಣ್ಸುತ್ತೆ. ಆದ್ರೆ ಒಂದೆರಡು ಮಳೆ ಅಷ್ಟೇ ಅದರ ಆಯಸ್ಸು, ಸರಿಯಾಗಿ ಒರೆಸಿ ತೆಗೀದಿದ್ರೆ ರಾತ್ರಿ ಎದುರಿನ ಲೈಟಿಗೆ ಪೂರ್ತಿ ಗ್ಲಾಸ್ ಮಿಣಮಿಣ. ಮುಂದಿನ ಗ್ಲಾಸಿಗಂತೂ ನಾನು ಹಾಕಲ್ಲ. ಇನ್ನೊಂದು, ಮಳೆ ಹನಿ ಜಾರಿ ಹೋಗ್ಲಿ ಅಂತ ಹೊರಗೆ ಹಚ್ಚೋ ಲಿಕ್ವಿಡ್ ಬರುತ್ತಲ್ಲ, ಅದು ಇದಕ್ಕೆ ತದ್ವಿರುದ್ಧ, ಅದು ನೀರನ್ನ ಗುಂಡಗೆ ಮಾಡುತ್ತೆ, ಒಳಗೆ ಹಚ್ಚಿದ್ರೆ ಮಬ್ಬು ಇನ್ನೂ ಚೆನ್ನಾಗಿ ಕಟ್ಟುತ್ತೆ. ಸಿಲಿಕಾ ಜೆಲ್ ಪ್ಯಾಕೆಟ್ ಇಡೋರು ಇಡಿ, ನಿಲ್ಲಿಸಿದ ಗಾಡೀಲಿ ರಾತ್ರಿ ಒಂಚೂರು ಹೀರ್ಕೊಳುತ್ತೆ, ಐದು ಜನರ ಉಸಿರಿನ ಮುಂದೆ ಅದ್ಯಾವ ಲೆಕ್ಕ.

ಇಷ್ಟೆಲ್ಲಾ ಮಾಡಿದ್ಮೇಲೂ ಕಳೆದ ಮಳೆಗಾಲ ನನ್ನ ಗಾಡಿ ಬೆಳಗ್ಗೆ ಬೆಳಗ್ಗೆ ಒಳಗಿಂದ ಬೆವರಿ ನಿಂತಿರ್ತಿತ್ತು. ರಾತ್ರಿ ಯಾರೂ ಒಳಗಿಲ್ಲ, ಉಸಿರಾಡೋರಿಲ್ಲ, ಮತ್ತೆ ನೀರೆಲ್ಲಿಂದ? ಒಂದು ವಾರ ತಲೆ ಕೆಡಿಸ್ಕೊಂಡು ಕೊನೆಗೆ ಪಕ್ಕದ ಸೀಟಿನ ಕಾಲಡಿ ರಬ್ಬರ್ ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ ಮೇಲೆ ಅಂಗೈ ಒತ್ತಿದೆ, ಬೆರಳ ಸಂದೀಲಿ ನೀರು ಬಂತು. ಮ್ಯಾಟ್ ಮೇಲೆಲ್ಲಾ ಒಣಗೇ ಇದೆ, ಕೆಳಗೆ ಸ್ಪಂಜು ಪೂರ್ತಿ ಕುಡಿದು ಕೂತಿದೆ. ವೈಪರ್ ಕೆಳಗಡೆ, ಬಾನೆಟ್ ಮತ್ತೆ ಗ್ಲಾಸ್ ಮಧ್ಯ ಜಾಲರಿ ಥರ ಒಂದು ಜಾಗ ಇದೆ ನೋಡಿ, ಮಳೆ ನೀರು ಅಲ್ಲಿಂದ ಎರಡು ಬದಿಯ ತೂತಲ್ಲಿ ಕೆಳಗೆ ಹೋಗ್ಬೇಕು. ಮರದ ಕೆಳಗೆ ನಿಲ್ಲಿಸ್ತೀನಿ ನಾನು, ಎಲೆ ಕೊಳೆತು ಗೊಬ್ಬರವಾಗಿ ತೂತು ಮುಚ್ಚಿತ್ತು, ನೀರು ತುಂಬಿ ಬ್ಲೋವರ್ ಗಾಳಿ ಎಳೆಯೋ ದಾರೀಲಿ ಒಳಗೆ ಇಳೀತಿತ್ತು. ಅಲ್ಲೇ ಹತ್ರ ಇರೋ, ಒಳಗೆ ಬರೋ ಗಾಳಿ ಸೋಸೋ ಕ್ಯಾಬಿನ್ ಫಿಲ್ಟರ್, ಗ್ಲೋವ್‌ಬಾಕ್ಸ್ ಹಿಂದಿಂದ ಎಳೆದ್ರೆ, ಕಪ್ಪಗೆ ತೊಪ್ಪೆ ಆಗಿತ್ತು, ಅದಕ್ಕೇ ಬ್ಲೋವರ್ ನಾಲ್ಕಕ್ಕೆ ಇಟ್ರೂ ಗಾಳಿ ಒಂದರಷ್ಟೇ ಬರ್ತಿದ್ದಿದ್ದು. ಎಲೆ ಬಾಚಿ, ಫಿಲ್ಟರ್ ಬದ್ಲಾಯಿಸಿ, ಕಾರ್ಪೆಟ್ ಎತ್ತಿ ಕೆಳಗೆ ಹಳೇ ಪೇಪರ್ ತುರುಕಿ, ಟೇಬಲ್ ಫ್ಯಾನ್ ಇಟ್ಟು ಮೂರು ದಿನ ಒಣಗಿಸಿದೆ, ದಿನಕ್ಕೆ ಎರಡು ಸಲ ಪೇಪರ್ ಬದ್ಲಾಯಿಸ್ದೆ. ನಾಲ್ಕನೇ ಬೆಳಗ್ಗೆ ಗ್ಲಾಸ್ ತಿಳಿ.

ಕಾಲಡಿ ಕಾರ್ಪೆಟ್ಟಿನ ಅದೇ ಜಾಗ ಎಸಿ ನೀರು ಹೋಗೋ ಪೈಪ್ ಕಟ್ಕೊಂಡ್ರೂ ಒದ್ದೆಯಾಗುತ್ತೆ, ಎಸಿ ಹಾಕಿದ್ರೂ ಗಾಡಿ ಕೆಳಗೆ ಹನಿ ಬೀಳ್ತಿಲ್ಲ ಅಂದ್ರೆ ಆ ಅನುಮಾನ ಇರ್ಲಿ. ಮಬ್ಬಿನ ಜೊತೆ ಸಿಹಿ ಸಿಹಿ ವಾಸನೆ ಬಂದು, ಒರೆಸಿದ್ರೆ ಎಣ್ಣೆ ಥರ ಜಾರಿದ್ರೆ ಮಾತ್ರ ಅದು ಮಳೆ ನೀರಲ್ಲ, ಹೀಟರ್ ಒಳಗೆ ಹರಿಯೋ ಕೂಲೆಂಟ್ ಸೋರ್ತಿದೆ, ಅದು ವಿಷ, ಆ ಗಾಳಿ ಕುಡ್ಕೊಂಡು ಓಡಾಡ್ಬೇಡಿ, ಕಿಟಕಿ ಇಳಿಸ್ಕೊಂಡು ಸೀದಾ ಗ್ಯಾರೇಜಿಗೆ ಹೋಗಿ.

ಎಸಿನೇ ಇಲ್ದಿರೋ ಗಾಡಿ, ಅಥವಾ ಎಸಿ ಕೆಟ್ಟಿದ್ರೆ? ಎದುರು ಬದುರಿನ ಎರಡು ಕಿಟಕಿ ಎರಡೆರಡು ಬೆರಳಷ್ಟು ಇಳಿಸಿ, ತೋಳು ನೆನೆಯುತ್ತೆ, ನೆನೀಲಿ. ಬ್ಲೋವರ್ ಗ್ಲಾಸಿಗೆ. ಒದ್ದೆ ಛತ್ರಿ, ಜಾಕೆಟ್ಟು ಡಿಕ್ಕಿಗೆ. ಡಿಕ್ಕಿ ಸೀಟಿನ ಹಿಂದೇನೇ ತೆರೆದಿರೋ ಥರದ ಗಾಡಿ ಆದ್ರೆ ಅವನ್ನ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಇಲ್ಲಾಂದ್ರೆ ಪ್ರಯೋಜನ ಇಲ್ಲ. ಒಮ್ಮೆಲೇ ಕಾಣ್ಸದೇ ಹೋದ್ರೆ ಒರೆಸ್ಕೊಂಡು ಮುಂದೆ ಹೋಗೋ ಸಾಹಸ ಬೇಡ, ನಿಧಾನ ಮಾಡಿ, ರೋಡ್ ಬಿಟ್ಟು ಸೈಡಿಗೆ ಹಾಕಿ, ನಾಲ್ಕೂ ಇಂಡಿಕೇಟರ್ ಆನ್ ಮಾಡಿ, ಎರಡು ನಿಮಿಷ ಬ್ಲೋವರ್ ಮುಂದಿನ ಗ್ಲಾಸಿಗೆ ಓಡ್ಲಿ. ಆ ಲಾರಿ ರಾತ್ರಿ ನಾನು ಮಾಡದೇ ಇದ್ದಿದ್ದು ಇದೇ.

ಮೊನ್ನೆ ಭಾವ ಫೋನ್ ಮಾಡಿದ್ರು, ಹಿನ್ನೆಲೇಲಿ ಇಂಜಿನ್ ಸದ್ದು. "ಗಾಡಿ ಸೈಡಿಗೆ ಹಾಕಿದೀನಿ ಕಣೋ, ನೀನು ಹೇಳಿದ ಹಾಗೆ ಎಸಿ ಹಾಕಿದೀನಿ, ಗಾಳಿ ಗ್ಲಾಸಿಗೆ ಬಿಟ್ಟಿದೀನಿ, ಬಟನ್ ಎಲ್ಲಾ ಒತ್ತಾಯ್ತು, ಮಬ್ಬು ಹೋಗ್ತಾನೇ ಇಲ್ಲ, ನಿನ್ನ ವಿದ್ಯೆ ಎಲ್ಲಾ ದಂಡ" ಅಂದ್ರು. ಸೆಕೆ ಇದೆಯಾ ಹೊರಗೆ ಅಂದೆ. "ಬೆವರು ಸುರೀತಿದೆ" ಅಂದ್ರು. ಗ್ಲಾಸ್ ಮೇಲೆ ಬೆರಳಲ್ಲಿ ಒಂದು ಗೆರೆ ಎಳೀರಿ ಭಾವ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಫೋನಲ್ಲಿ ಗರ್ರ್ ಅಂತ ಒಂದು ಸದ್ದು, ಹಿಂದಿಂದ ಅಕ್ಕ ಜೋರಾಗಿ ನಕ್ಕಿದ್ದು.